ಬೀರುವಿನ ಬೀಗದ ಬಗ್ಗೆ ಒಬ್ಬ ಬದಲಿ ಟೀಚರ್ ಬರೆದ ಪತ್ರ

ಶಾಲೆಗಳ ವೇಳಾಪಟ್ಟಿ ಹಾಕುವವರಿಗೆ, ಲೈಬ್ರರಿಗೆ ಪುಸ್ತಕ ಆರಿಸುವವರಿಗೆ, ವರ್ಷಕ್ಕೊಮ್ಮೆ ಬಂದು ಸ್ಟಾಕ್ ರಿಜಿಸ್ಟರ್ ತಪಾಸಣೆ ಮಾಡುವವರಿಗೆ,

ನಮಸ್ಕಾರ.

ನಾನು ಕಾಯಂ ಶಿಕ್ಷಕಿ ಅಲ್ಲ. ಯಾರಾದರೂ ರಜೆ ಹಾಕಿದರೆ ಅವರ ಜಾಗದಲ್ಲಿ ಹೋಗಿ ನಿಲ್ಲುವವಳು. ಒಂದು ದಿನ ಈ ಶಾಲೆ, ಮೂರು ದಿನ ಆ ಶಾಲೆ, ಹೆಸರು ಬಾಯಿಪಾಠ ಆಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಕಳೆದ ಸಲ ಮಾತ್ರ 6 ವಾರ ಒಂದೇ ಕ್ಲಾಸು ಸಿಕ್ಕಿತು. ಆರು-ಏಳು ವರ್ಷದ 27 ಮಕ್ಕಳು. ಈ ಪತ್ರ ಆ ಆರು ವಾರದ ಬಗ್ಗೆ. ಶಾಲೆಯ ಹೆಸರು ಹೇಳುವುದಿಲ್ಲ. ಅಲ್ಲಿದ್ದವರೆಲ್ಲ ಒಳ್ಳೆಯವರೇ, ನೀವು ಕಳಿಸಿದ ಸುತ್ತೋಲೆ ಪಾಲಿಸುತ್ತಿದ್ದರು ಅಷ್ಟೇ.

ಬದಲಿ ಟೀಚರ್ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮುಂದಿನ ಬೆಂಚಿನ ಹುಡುಗಿ "ನೀವು ನಮ್ಮ ಮಿಸ್ ಅಲ್ಲ" ಅನ್ನುತ್ತಾಳೆ. ಹೌದಮ್ಮ, ಅಲ್ಲ. "ನಮ್ಮ ಮಿಸ್ ಹೀಗೆ ಬರೆಯಲ್ಲ, ನಮ್ಮ ಮಿಸ್ ಬೋರ್ಡ್ ಈ ಕಡೆಯಿಂದ ಒರೆಸ್ತಾರೆ, ನಮ್ಮ ಮಿಸ್ ಆಗಿದ್ರೆ ಈಗ ಆಟಕ್ಕೆ ಬಿಡ್ತಿದ್ರು." ಕೊನೆಯದು ಸುಳ್ಳು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ರಜೆ ಮೇಲೆ ಹೋದ ಮಿಸ್ ಮೇಜಿನ ಮೇಲೆ ಒಂದು ಚೀಟಿ ಬಿಟ್ಟಿದ್ದರು. ಯಾರು ಯಾರ ಪಕ್ಕ ಕೂರಬಾರದು, ಯಾರು ಕೇಳಿದ ತಕ್ಷಣ ಬಾತ್‌ರೂಮಿಗೆ ಬಿಡಲೇಬೇಕು, ಯಾರು ಸುಮ್ನೆ ಕೇಳುತ್ತಾರೆ, ಎಲ್ಲ ಬರೆದು ಕೊನೆಯಲ್ಲಿ ಒಂದು ಸಾಲು: "ತೀರಾ ಕೈ ಮೀರಿದರೆ ಬೀರುವಿನಲ್ಲಿ ಕಥೆ ಪುಸ್ತಕಗಳಿವೆ. ಬೀಗದ ಕೈ ಆಫೀಸಿನಲ್ಲಿ. ಎಣಿಸಿ ತೆಗೆದು ಎಣಿಸಿ ಇಡಿ."

ಮೊದಲ ದಿನವೇ ಕೈ ಮೀರಿತು. ಬೆಳಿಗ್ಗೆ ಹನ್ನೊಂದಕ್ಕೆಲ್ಲ.

ಬೀರು ತೆಗೆದೆ. ನುಸಿಗುಳಿಗೆ ವಾಸನೆ. ಮೇಲಿನ ಎರಡು ಸಾಲಲ್ಲಿ ದಪ್ಪ ದಪ್ಪ ಪುಸ್ತಕಗಳು, ಬೆನ್ನು ಸಹ ಬಗ್ಗಿಲ್ಲ, ಯಾರೂ ಮುಟ್ಟಿದ ಹಾಗಿಲ್ಲ. ಕೆಳಗಡೆ ಒಂದು ರಟ್ಟಿನ ಡಬ್ಬಿಯಲ್ಲಿ ತೆಳ್ಳನೆಯವು, ಅಡ್ಡಾದಿಡ್ಡಿ ತುರುಕಿದ್ದು. ಕೈಗೆ ಸಿಕ್ಕ ಮೂರನೆಯದೋ ನಾಲ್ಕನೆಯದೋ ಎಳೆದರೆ ಮುಖಪುಟದಲ್ಲಿ ಕೊಳದ ದಡ, ದಡದಲ್ಲಿ ಮೂಟೆ ಹೊತ್ತು ನಿಂತ ಒಂದು ಕಪ್ಪೆ. ಮೂಟೆ ಕಟ್ಟಿದ ಬಟ್ಟೆಗೆ ಕೆಂಪು ಚುಕ್ಕಿ. ಚುಕ್ಕಿ ಎಷ್ಟು ಅಂತ ನನಗೆ ಗೊತ್ತಿತ್ತು. ಹದಿನಾಲ್ಕು. ಹಿಂದೆ 27 ಮಕ್ಕಳು ಕಿರುಚಾಡುತ್ತಿರುವಾಗ ಬೀರುವಿಗೆ ಮುಖ ಮಾಡಿ ನಿಂತು ಎಣಿಸಿದೆ. ಹದಿನಾಲ್ಕೇ.

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಾಳೆಯೇ ಅದನ್ನು ಖರೀದಿ ಪಟ್ಟಿಗೆ ಸೇರಿಸಿ ಎಲ್ಲ ಶಾಲೆಗೂ ಐವತ್ತೈವತ್ತು ಕಾಪಿ ಕಳಿಸಿಬಿಡುತ್ತೀರಿ, ಅವೂ ಹೋಗಿ ಬೀರುವಿನಲ್ಲೇ ಕೂರುತ್ತವೆ.

ಮಕ್ಕಳನ್ನು ನೆಲದ ಮೇಲೆ ಕೂರಿಸಿ ಓದಿದೆ. ಪುಸ್ತಕದ ಮುಖ ಮಕ್ಕಳ ಕಡೆ ಹಿಡಿದು ನಾವು ಕತ್ತು ಓರೆ ಮಾಡಿ ಪಕ್ಕದಿಂದ ಓದಬೇಕು, ಇದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿಲ್ಲ. ಎರಡನೇ ದಿನಕ್ಕೆ ಕತ್ತು ಹಿಡಿದುಕೊಂಡಿತು. ಆದರೆ ಹಾಗೆ ಹಿಡಿದಾಗಲೇ ನನಗೊಂದು ವಿಷಯ ಹೊಳೆದದ್ದು. ಚಿಕ್ಕವಳಿದ್ದಾಗ ನಾನು ಕಥೆ ಕೇಳುತ್ತಿದ್ದೆ ಅಂದುಕೊಂಡಿದ್ದೆ. ಅಲ್ಲ, ನಾನು ಪುಟ ತಿರುಗುವುದನ್ನು ಕಾಯುತ್ತಿದ್ದೆ.

ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರುತ್ತವೆ, ನೋಡಿದ್ದೀರಾ? ಅದು ಪ್ರೆಸ್ಸಿನ ಲೆಕ್ಕ. ದೊಡ್ಡ ಹಾಳೆಗೆ ಎರಡೂ ಬದಿ ಅಚ್ಚು ಹಾಕಿ, ಮಡಚಿ, ಕತ್ತರಿಸಿದರೆ 8, 16, 32 ಹೀಗೆ ಪುಟಗಳು ಬರುತ್ತವೆ. ಹೆಸರಿನ ಪುಟ, ಮುದ್ರಣದ ವಿವರ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಸಲ ಪುಟ ತಿರುಗಿಸುವ ಅವಕಾಶ. ಬರೆಯುವುದು ಗೊತ್ತಿದ್ದವರು ಒಂದನ್ನೂ ದಂಡ ಮಾಡುವುದಿಲ್ಲ. ಬಲಗಡೆ ಪುಟದ ಕೊನೆಗೆ "ಆಗ ಕಪ್ಪೆಗೆ ಹಿಂದಿನಿಂದ ಒಂದು ಸದ್ದು ಕೇಳಿಸಿತು" ಅಂತ ನಿಲ್ಲಿಸಿರುತ್ತಾರೆ. ನಾವೂ ಅಲ್ಲಿ ನಿಲ್ಲಬೇಕು. ಹಾಳೆಯ ಮೂಲೆ ಹಿಡಿದು, ಎತ್ತಿಯೂ ಎತ್ತದ ಹಾಗೆ. ಆಗ ನೋಡಿ ಕ್ಲಾಸನ್ನು. ಬೆಳಿಗ್ಗೆಯಿಂದ ಪೆನ್ಸಿಲ್‌ನಲ್ಲಿ ಪಕ್ಕದವನನ್ನು ಚುಚ್ಚುತ್ತಿದ್ದ ಹುಡುಗ ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಮಂಡಿಯ ಮೇಲೆ ಮುಂದೆ ಮುಂದೆ ಬರುತ್ತಿರುತ್ತಾನೆ.

ಹೀಗೆ ಓದುತ್ತಾ ಕೊನೆಯ ಹಾಳೆಗೆ ಬಂದೆ. ಮುಂದೇನು ಅಂತ ನನಗೆ ಗೊತ್ತೇ ಇತ್ತು. ಕೊಳ ಬತ್ತಿದೆ, ಕಪ್ಪೆಮರಿ ನೀರು ಹುಡುಕಿ ಹೊರಟಿದೆ, ಈಗ ಮಳೆ ಬರುತ್ತದೆ, ಹಳೇ ಕೊಳ ತುಂಬುತ್ತದೆ, ದೂರದಿಂದ ಅಮ್ಮ ಕೂಗುವುದು ಕೇಳಿ ಮರಿ ವಾಪಸ್ ಬರುತ್ತದೆ. ಪುಸ್ತಕ ನೋಡದೇ ಹೇಳಬಲ್ಲೆ. ಪುಟ ತಿರುಗಿಸಿದರೆ ಮಳೆ ಇಲ್ಲ. ದೊಡ್ಡದೊಂದು ಕೆರೆ. ಕಪ್ಪೆ ಮೂಟೆ ಇಳಿಸಿ "ಇಲ್ಲೇ ಇರುತ್ತೇನೆ" ಅನ್ನುತ್ತದೆ. ಅಲ್ಲಿಗೆ ಮುಗಿಯಿತು.

ನಾನು ಹಾಗೇ ನಿಂತೆ. ಹಿಂದಿನ ಪುಟಕ್ಕೆ ಹೋಗಿ ನೋಡಿದೆ, ಎರಡು ಹಾಳೆ ಅಂಟಿಕೊಂಡಿವೆಯಾ ಅಂತ ಉಜ್ಜಿ ನೋಡಿದೆ. ಇಲ್ಲ.

"ಮಿಸ್, ಅವರಮ್ಮ?" ಅಂತ ಒಬ್ಬಳು ಕೇಳಿದಳು.

ನಮ್ಮ ಮನೆಯ ಕಾಪಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಅದು ಇರಲಿಲ್ಲ ಅನ್ನುವುದೇ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಓದಿ ಹೇಳುತ್ತಿದ್ದವನು ಅಣ್ಣ, ನನಗಿಂತ ನಾಲ್ಕು ವರ್ಷ ದೊಡ್ಡವನು. ಕೊನೆಗೆ ಬಂದಾಗ ರಟ್ಟಿನ ಒಳಬದಿ ನೋಡಿಕೊಂಡು, ಅಲ್ಲಿ ಏನೋ ಅಚ್ಚಾಗಿರುವ ಹಾಗೆ ಕಣ್ಣು ಎಡದಿಂದ ಬಲಕ್ಕೆ ಓಡಿಸುತ್ತಾ, ಮಳೆಯನ್ನೂ ಅಮ್ಮನನ್ನೂ ತಾನೇ ಸೇರಿಸಿದ್ದಾನೆ. ಪ್ರತಿ ಸಲ. ಒಂದು ಮಾತೂ ಬದಲಾಗದ ಹಾಗೆ. ಅವತ್ತು ಸಂಜೆ ಫೋನ್ ಮಾಡಿ ಕೇಳಿದೆ. "ಯಾವ ಕಪ್ಪೆ?" ಅಂದ. ಚುಕ್ಕಿ ಬಟ್ಟೆ, ಮೂಟೆ, ಎಲ್ಲ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೆ ಹಾಳೇಲಿ ನಾನು ದೋಣಿ ಮಾಡಿದ್ದೆ ಅನ್ಸತ್ತೆ ಕಣೆ" ಅಂದ. ಕಳ್ಳ.

ಕ್ಲಾಸಿನಲ್ಲಿ ಮಕ್ಕಳಿಗೆ ಎರಡೂ ಕೊನೆ ಹೇಳಿದೆ. "ಯಾವುದು ನಿಜ?" ಅಂತ ಶುರುವಾಯಿತು ನೋಡಿ. ದೊಡ್ಡ ಕೆರೆ ಸಿಕ್ಕ ಮೇಲೆ ವಾಪಸ್ ಯಾಕೆ ಬರಬೇಕು ಅಂತ ಒಂದು ಗುಂಪು. ಅಮ್ಮನಿಗೆ ಹೇಳಿಯೇ ಹೊರಟಿತ್ತು, ಹಾಗಾಗಿ ಪರವಾಗಿಲ್ಲ ಅಂತ ಒಬ್ಬ, ಐದನೇ ಪುಟ ತೆರೆದು ತೋರಿಸಿ. ಸುಮ್ಮನೆ ಕೂತಿದ್ದ ಹುಡುಗನೊಬ್ಬ ಕೊನೆಗೆ, "ಮಳೆ ಬಂದ್ಮೇಲೆ ಅಮ್ಮನೇ ಅಲ್ಲಿಗೆ ಹೋಗಬಹುದಲ್ವಾ ಮಿಸ್" ಅಂದ. ಅರ್ಧ ಗಂಟೆ ಹೋಯಿತು. ಗಣಿತದ ಪೀರಿಯಡ್ ಅದು. ಒಪ್ಪಿಕೊಳ್ಳುತ್ತೇನೆ.

ಮರುದಿನ ಬೇರೆ ಪುಸ್ತಕ ತೆಗೆದೆ. "ಕಪ್ಪೆ" ಅಂದರು. ಅದರ ಮರುದಿನವೂ ಕಪ್ಪೆಯೇ. ನನಗೆ ಬೇಜಾರು ಬಂತು, ಅವರಿಗೆ ಬರಲಿಲ್ಲ. ಓದಿದ್ದನ್ನೇ ಓದಿದರೆ ಟೈಮ್ ವೇಸ್ಟ್ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ, 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಿಂದ ಬಂದ ಒಂದು ಅಧ್ಯಯನ ನೋಡಿ. ಮೂರು ವರ್ಷದ ಮಕ್ಕಳು. ಕೆಲವರಿಗೆ ಒಂದೇ ಕಥೆ ಮತ್ತೆ ಮತ್ತೆ, ಕೆಲವರಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಇಬ್ಬರ ಕಿವಿಗೂ ಬಿದ್ದದ್ದು ಅಷ್ಟೇ ಸಲ. ಪದ ಚೆನ್ನಾಗಿ ಕಲಿತವರು ಒಂದೇ ಕಥೆ ಕೇಳಿದವರು. ನನಗಂತೂ ಕಾರಣ ಕಣ್ಣೆದುರೇ ಇತ್ತು. ಮೊದಲ ಸಲ ಕೇಳುವಾಗ ಕಪ್ಪೆಗೆ ಏನಾಗುತ್ತದೋ ಅನ್ನುವ ಗಾಬರಿಯಲ್ಲೇ ಹೊತ್ತು ಹೋಗುತ್ತದೆ. ನಾಲ್ಕನೇ ಸಲಕ್ಕೆ "ಮಿಸ್, ಹೂಳು ಅಂದ್ರೇನು?" ಅಂತ ಕೇಳುತ್ತಾರೆ.

ಆ ಪೆನ್ಸಿಲ್ ಹುಡುಗನ ಬಗ್ಗೆ ಸ್ವಲ್ಪ ಹೇಳಬೇಕು. ಅವನ ಹೆಸರಿನ ಮುಂದೆ "ಓದಲು ಬರುವುದಿಲ್ಲ" ಅಂತ ಬರೆದಿತ್ತು. ಎರಡನೇ ವಾರ ಒಂದು ಮಧ್ಯಾಹ್ನ ನೋಡುತ್ತೇನೆ, ಮೂಲೆಯಲ್ಲಿ ಇಬ್ಬರನ್ನು ಎದುರು ಕೂರಿಸಿಕೊಂಡು ಕಪ್ಪೆ ಪುಸ್ತಕ ಓದುತ್ತಿದ್ದಾನೆ. ಪುಸ್ತಕದ ಮುಖ ಅವರ ಕಡೆ, ಇವನ ಕತ್ತು ಓರೆ. ನನ್ನ ಹಾಗೇ! ಬೆರಳು ಸಾಲಿನ ಕೆಳಗೆ ಓಡುತ್ತಿದೆ, ಬಾಯಿ ಹೇಳುತ್ತಿರುವ ಪದವೇ ಬೇರೆ, ಬೆರಳಿರುವ ಪದವೇ ಬೇರೆ. ಆದರೆ ಹಾಳೆ ತಿರುಗಿಸುವ ಜಾಗಕ್ಕೆ ಬಂದರೆ ನಿಲ್ಲುತ್ತಾನೆ. ಮೂಲೆ ಹಿಡಿಯುತ್ತಾನೆ. ಎದುರಿಗಿರುವ ಇಬ್ಬರನ್ನೂ ನೋಡುತ್ತಾನೆ. ಒಂದೊಂದು ಪುಟದಲ್ಲಿ ಬೆರಳು ಮತ್ತು ಮಾತು ಒಂದೇ ಕಡೆ ಸಿಗುತ್ತವೆ, "ಕಪ್ಪೆ" ಅನ್ನುವಾಗ ಬೆರಳು "ಕಪ್ಪೆ" ಮೇಲೇ ಇರುತ್ತದೆ. ಆರನೇ ವಾರಕ್ಕೆ ಅದು ಜಾಸ್ತಿಯಾಗಿತ್ತು. ನಿಮ್ಮ ಫಾರ್ಮಿನಲ್ಲಿ ಎರಡೇ ಮನೆ ಇವೆ, ಬರುತ್ತದೆ, ಬರುವುದಿಲ್ಲ. ನಾನು ಎರಡಕ್ಕೂ ಟಿಕ್ ಹಾಕದೆ ಬಿಟ್ಟೆ. ಆಫೀಸಿನಿಂದ ಫಾರ್ಮು ವಾಪಸ್ ಬಂತು.

ಫಾರ್ಮಿನ ವಿಷಯ ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ, ನನ್ನ ನಿಜವಾದ ತಕರಾರು ಅದೇ. ಕಥೆ ಓದಿದರೆ ಅದರ ಮೇಲೊಂದು ಚಟುವಟಿಕೆ ಹಾಳೆ ತುಂಬಿಸಬೇಕು, ಇಲ್ಲದಿದ್ದರೆ ಆ ಪೀರಿಯಡ್ ಲೆಕ್ಕಕ್ಕಿಲ್ಲ ಅಂತ ಗೊತ್ತಾಯಿತು. ಕಲಿಕಾ ಫಲಕ್ಕೆ ದಾಖಲೆ ಬೇಕಲ್ಲ. ಸರಿ ಅಂತ ಹಾಳೆ ಹಂಚಿದೆ. ನಾಲ್ಕು ಪ್ರಶ್ನೆ, ಕೊನೆಯದು "ಈ ಕಥೆಯ ನೀತಿ ಏನು?" ಎರಡು ದಿನ ಹಿಂದೆ ಅರ್ಧ ಗಂಟೆ ಜಗಳವಾಡಿದ್ದ ಅದೇ ಮಕ್ಕಳು ತಲೆ ಬಗ್ಗಿಸಿ ಬರೆದರು. ಬರೆಯಲು ಬರುವವರೆಲ್ಲ ಬರೆದದ್ದು ಒಂದೇ: "ಮನೆ ಬಿಟ್ಟು ಹೋಗಬಾರದು." ಕಥೆಯಲ್ಲಿ ಕಪ್ಪೆ ಮನೆ ಬಿಟ್ಟು ಹೋಗಿ ಸುಖವಾಗಿದೆ ಸ್ವಾಮಿ! ಐದನೇ ಪುಟ ತೋರಿಸಿ ವಾದ ಮಾಡಿದ್ದವನೂ ಅದನ್ನೇ ಬರೆದಿದ್ದ. ಯಾಕೋ ಅಂದರೆ, "ಹಾಳೇಲಿ ಹಾಗೇ ಬರೀಬೇಕು ಮಿಸ್" ಅಂದ. ದೊಡ್ಡವರಿಗೆ ಏನು ಬೇಕು ಅನ್ನುವುದು ಆರು ವರ್ಷಕ್ಕೇ ಗೊತ್ತಾಗಿಬಿಟ್ಟಿದೆ. ಆಮೇಲೆ ನಾನು ಹಾಳೆ ಹಂಚಲಿಲ್ಲ. ಮುಂದಿನ ಪೀರಿಯಡ್‌ಗಳು ಲೆಕ್ಕಕ್ಕೆ ಸಿಗದಿದ್ದರೆ ಅದು ನನ್ನ ತಪ್ಪು.

ಗಲಾಟೆಯ ದೂರೂ ಬಂತು. ಕಪ್ಪೆ ಕೂಗುವ ಜಾಗದಲ್ಲಿ 27 ಜನ ಕೂಗಿದರೆ ಪಕ್ಕದ ಕ್ಲಾಸಿನವರು ಬರದೇ ಇರುತ್ತಾರಾ. ಕ್ಷಮೆ ಕೇಳಿದೆ. ಆದರೆ ಇದು ಹೊಸ ರೋಗ ಏನಲ್ಲ. ಮಕ್ಕಳಿಗೆ ಅಂತಲೇ ಚಿತ್ರ ಹಾಕಿ ಅಚ್ಚು ಮಾಡಿದ ಮೊದಮೊದಲ ಪಠ್ಯಪುಸ್ತಕಗಳಲ್ಲಿ ಒಂದು, 1658ರಲ್ಲಿ ಯುರೋಪಿನ ಕೊಮೆನಿಯಸ್ ಎಂಬ ಮೇಷ್ಟ್ರು ಮಾಡಿದ್ದು, ಶುರುವಾಗುವುದೇ ಪ್ರಾಣಿಗಳ ಕೂಗಿನಿಂದ. ಕಾಗೆ ಕೂಗಿನಿಂದ 'ಎ', ಕುರಿಮರಿ ಕೂಗಿನಿಂದ 'ಬಿ', ಹೀಗೆ ಅಕ್ಷರಮಾಲೆ. ಆ ಕ್ಲಾಸಿನ ಪಕ್ಕದಲ್ಲೂ ಯಾರೋ ಒಬ್ಬರು ಬೈದುಕೊಂಡಿರಬೇಕು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಅದೇ ಡಬ್ಬಿಯಲ್ಲಿ ನಾನು ಪ್ರಾಣ ಬಿಡುತ್ತಿದ್ದ ಇನ್ನೊಂದು ಪುಸ್ತಕವೂ ಸಿಕ್ಕಿತು. ಖುಷಿಯಿಂದ ಶುರುಮಾಡಿದೆ. ನಾಲ್ಕನೇ ಪುಟದಲ್ಲಿ ದಪ್ಪಗಿರುವ ಹುಡುಗನೊಬ್ಬ ಬರುತ್ತಾನೆ, ಕಥೆ ಮುಗಿಯುವ ತನಕ ಅವನ ಕೆಲಸ ಬೀಳುವುದು ಮತ್ತು ಎಲ್ಲರೂ ನಗುವುದು. ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೆ, ಚೆನ್ನಾಗಿ ನೆನಪಿದೆ. ಈಗ ಮೂರನೇ ಸಾಲಿನಲ್ಲಿ ಕೂತ ಒಬ್ಬ ಹುಡುಗ ನಗುತ್ತಿರಲಿಲ್ಲ. ಪುಸ್ತಕ ಮುಚ್ಚಿ, "ಇದು ಅಷ್ಟು ಚೆನ್ನಾಗಿಲ್ಲ, ಬೇರೆ ಓದೋಣ" ಅಂದೆ. ಅವನು ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಸುಮ್ನೆ ಬಂದು ನನ್ನ ಮೇಜಿನ ಹತ್ತಿರ ನಿಂತು ಹೋದ. ಹಾಗಾಗಿ ಹಳೇ ಪುಸ್ತಕ ವಾಪಸ್ ತನ್ನಿ ಅನ್ನುವ ಗಲಾಟೆ ನನ್ನದಲ್ಲ. ಕೆಲವನ್ನು ಬಿಡಬೇಕು. ಯಾವುದನ್ನು ಬಿಡಬೇಕು ಅಂತ ಗೊತ್ತಾಗಬೇಕಾದರೂ ಯಾರಾದರೂ ಮಕ್ಕಳೆದುರು ಕೂತು ಗಟ್ಟಿಯಾಗಿ ಓದಬೇಕು, ಅಲ್ವಾ? ಪಟ್ಟಿ ನೋಡಿ ಗೊತ್ತಾಗುವುದಿಲ್ಲ.

ಪಟ್ಟಿ ಮಾಡುವವರಿಗೆ ಒಂದು ಮಾತು. ಮೇಲಿನ ಸಾಲಿನ ಆ ದಪ್ಪ ಪುಸ್ತಕಗಳನ್ನು ಆರಿಸಿದವರು ಅವನ್ನು ಒಂದು ಸಲವಾದರೂ ಮಗುವಿನ ಕೈಯಲ್ಲಿಟ್ಟು ನೋಡಿದ್ದಾರಾ? ನನ್ನ ಕ್ಲಾಸಿನಲ್ಲಿ ಒಬ್ಬಳು ಎತ್ತಿಕೊಂಡು ಹೋಗುವಾಗ ಕಾಲಮೇಲೆ ಬೀಳಿಸಿಕೊಂಡಳು. ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ 1893ರಲ್ಲಿ ಹುಷಾರಿಲ್ಲದೆ ಮಲಗಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಪೀಟರ್ ಎಂಬ ಮೊಲದ ಕಥೆಯನ್ನು ಚಿತ್ರ ಬಿಡಿಸಿ ಪತ್ರದಲ್ಲಿ ಬರೆದರು. ಅದನ್ನು ಪುಸ್ತಕ ಮಾಡಲು ಹೋದಾಗ ಪುಟ್ಟ ಕೈಗೆ ಹಿಡಿಯುವ ಪುಟ್ಟ ಪುಸ್ತಕವೇ ಆಗಬೇಕು ಅಂತ ಪಟ್ಟು ಹಿಡಿದರು. ಪ್ರಕಾಶಕರು ಬೇಡ ಅಂದಾಗ 1901ರಲ್ಲಿ ತಮ್ಮ ಕೈಯಿಂದಲೇ ದುಡ್ಡು ಹಾಕಿ 250 ಕಾಪಿ ಅಚ್ಚು ಹಾಕಿಸಿದರು. ಮುಂದಿನ ವರ್ಷ ಬೇಡ ಅಂದಿದ್ದ ಪ್ರಕಾಶಕರಲ್ಲೇ ಒಬ್ಬರು ಅದನ್ನು ತಂದರು, ಚಿಕ್ಕ ಅಳತೆಯಲ್ಲೇ. ಅಳತೆ ಅಂದರೆ ಅಷ್ಟು ದೊಡ್ಡ ವಿಷಯ. ನಿಮ್ಮ ಖರೀದಿ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಇನ್ನು ಬೀಗ. ಯಾಕೆ ಬೀಗ ಅಂತ ಕೇಳಿದೆ. ಪುಸ್ತಕ ಕಳೆದರೆ, ಹರಿದರೆ ಆ ಕ್ಲಾಸಿನ ಟೀಚರ್ ಉತ್ತರ ಕೊಡಬೇಕಂತೆ. ಹಾಗಿರುವಾಗ ಯಾರು ತಾನೇ ತೆಗೆದಿಡುತ್ತಾರೆ? ನಾನು ಕಾಯಂ ಆಗಿದ್ದರೆ ನಾನೂ ಬೀಗ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. 1931ರಲ್ಲಿ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಇಷ್ಟು ಸರಳ ಮಾತನ್ನು ಸೂತ್ರ ಮಾಡಬೇಕಾಗಿ ಬಂತು ಯಾಕೆ ಅಂದರೆ, ಹಿಂದೊಂದು ಕಾಲಕ್ಕೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಕಾಪಾಡುವುದೇ ಕೆಲಸ, ಓದುವುದು ಆಮೇಲಿನ ಮಾತು. ಸರಪಳಿ ಹೋಗಿ ಬೀಗ ಬಂದಿದೆ ಅಷ್ಟೇ. ಆರು ವರ್ಷದ ಮಕ್ಕಳು ಓದಿದರೆ ಪುಸ್ತಕ ಹರಿಯುತ್ತದೆ. ಆರು ವಾರದಲ್ಲಿ ಡಬ್ಬಿಯ ಮೂರು ಪುಸ್ತಕ ಹರಿದವು, ಒಂದಕ್ಕೆ ಬಣ್ಣ ಚೆಲ್ಲಿತು, ಒಂದು ಎರಡು ದಿನ ಕಾಣೆಯಾಗಿ ಯಾರದೋ ಬ್ಯಾಗಿನಿಂದ ತಾನೇ ವಾಪಸ್ ಬಂತು. ಮೇಲಿನ ಸಾಲಿನವು ಹೊಚ್ಚ ಹೊಸದಾಗೇ ಇವೆ, ನಿಮ್ಮ ರಿಜಿಸ್ಟರಿಗೆ ತುಂಬಾ ಸಂತೋಷವಾಗಬೇಕು.

ನಾನು ಕೇಳುತ್ತಿರುವುದು ಜಾಸ್ತಿ ಏನಿಲ್ಲ. ವೇಳಾಪಟ್ಟಿಯಲ್ಲಿ ದಿನಕ್ಕೆ 20 ನಿಮಿಷ, "ಕಥೆ" ಅಂತ ಬರೆದೇ ಕೊಡಿ. ಬರೆದು ಕೊಡದಿದ್ದರೆ ಅದು ಕೈ ಮೀರಿದಾಗ ಕೊಡುವ ಔಷಧಿ ಆಗಿಯೇ ಉಳಿಯುತ್ತದೆ, ಒಳ್ಳೆಯ ಕ್ಲಾಸಿನ ಮಕ್ಕಳಿಗೆ ಸಿಗುವುದೇ ಇಲ್ಲ. ಆ 20 ನಿಮಿಷಕ್ಕೆ ಹಾಳೆ, ಫಾರ್ಮು, ಫೋಟೋ ಏನೂ ಕೇಳಬೇಡಿ. ಒಂದಿಷ್ಟು ಪುಸ್ತಕ ಹರಿಯುತ್ತವೆ ಅಂತ ಮೊದಲೇ ಲೆಕ್ಕ ಹಿಡಿದು, ಅದಕ್ಕೆ ಟೀಚರ್‌ಗಳನ್ನು ಹೊಣೆ ಮಾಡುವುದಿಲ್ಲ ಅಂತ ಒಂದು ಸಾಲಿನ ಆದೇಶ ಹೊರಡಿಸಿ. ಬೀಗ ಆಗ ತಾನಾಗೇ ಹೋಗುತ್ತದೆ. ನನಗೆ ಗೊತ್ತು, ಟೀಚರ್‌ಗಳಿಗೆ ಬೀಗದ ಮೇಲೆ ಪ್ರೀತಿ ಏನೂ ಇಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಇದನ್ನು ನಾನೇ ಹೇಳದಿದ್ದರೆ ಆ ಮಿಸ್ ತಲೆಗೆ ಬರುತ್ತದೆ.

ಕೊನೆಯ ವಾರ ಮಕ್ಕಳು ಕಪ್ಪೆ ಪುಸ್ತಕಕ್ಕೆ ಒಂದು ಹಾಳೆ ಮಾಡಿದರು. ಒಂದು ಬದಿಯಲ್ಲಿ ಅಣ್ಣನ ಮಳೆ, ತುಂಬಿದ ಕೊಳ, ವಾಪಸ್ ಬರುತ್ತಿರುವ ಮರಿ. ಇನ್ನೊಂದು ಬದಿಯಲ್ಲಿ ಅಮ್ಮ ಕಪ್ಪೆಯೇ ಮೂಟೆ ಹೊತ್ತು ದೊಡ್ಡ ಕೆರೆಗೆ ಬಂದಿದೆ, ಆ ಮೂಟೆಗೂ ಚುಕ್ಕಿ ಬಟ್ಟೆ. ಹದಿನಾಲ್ಕು ಚುಕ್ಕಿ ಇರಲೇಬೇಕು ಅಂತ ಎಣಿಸಿ ಹಾಕಿದ್ದಾರೆ. ಕೆಳಗಿನ ಸಾಲು ಬರೆದದ್ದು ಆ ಪೆನ್ಸಿಲ್ ಹುಡುಗ, ಎರಡು ಒತ್ತಕ್ಷರ ಬಿಟ್ಟುಹೋಗಿವೆ, ನಾನು ತಿದ್ದಲಿಲ್ಲ. ಅದನ್ನು ಪುಸ್ತಕದ ಕೊನೆಗೆ ಅಂಟಿಸಿದ್ದೇವೆ. ರಿಜಿಸ್ಟರಿನಲ್ಲಿ "ಪುಟಗಳು" ಅನ್ನುವ ಕಾಲಂನಲ್ಲಿ 32 ಹೊಡೆದು 34 ಅಂತ ಬರೆದಿರುವುದು ನಾನೇ, ಪಕ್ಕದಲ್ಲಿ ಸಹಿ ಇದೆ. ತಪಾಸಣೆಗೆ ಬಂದಾಗ ಅದಕ್ಕಾಗಿ ಬೇರೆ ಯಾರಿಗೂ ನೋಟಿಸ್ ಕೊಡಬೇಡಿ. ಅಂಟು ಅಷ್ಟು ಗಟ್ಟಿ ಹಿಡಿದಿಲ್ಲ, ಪುಸ್ತಕ ಪೂರ್ತಿ ಬಿಡಿಸಿ ತೆರೆದರೆ ಹಾಳೆ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ಮೆತ್ತಗೆ ತಿರುಗಿಸಿ.

ಇಂತಿ,
ಒಬ್ಬ ಬದಲಿ ಟೀಚರ್